ನಾಲ್ಕು ಗಂಟೆಯ ಚೀಟಿ

ಸುಗಂಧಾಬಾಯಿ ಹುಮನಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದರು. ಕಟ್ಟಡದ ಮುಂಭಾಗದಲ್ಲಿ ಅಂಚೆ ಕಚೇರಿ ಇತ್ತು, ನಾನು ಅಲ್ಲಿ ಗುಮಾಸ್ತ. ನಮ್ಮ ಎರಡೂ ಕೋಣೆಗಳ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಮನೆಯಲ್ಲಿ ಫೋನು ಇಲ್ಲದವರು ಆ ಕಿಟಕಿಯಲ್ಲಿ ಟ್ರಂಕ್ ಕಾಲ್ ಬರೆಸಿ, ಪಕ್ಕದ ಬೆಂಚಿನ ಮೇಲೆ ಕೂತು, ತಮ್ಮ ಸರದಿ ಬಂದಾಗ ಮೂಲೆಯ ಮರದ ಗೂಡಿನೊಳಗೆ ಹೋಗಿ ಮಾತಾಡುತ್ತಿದ್ದರು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ನಾನು ನೋಡಿದ್ದು. ಉಳಿದರ್ಧ ಅವರೇ ಆಮೇಲೆ ಹೇಳಿದ್ದು.

ಅವರ ಊರು ಬಸವಕಲ್ಯಾಣದ ಹತ್ತಿರದ ನಾರಾಯಣಪುರ. ತಂದೆ ಲಾಲಪ್ಪ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದವರು. ಐವತ್ತಾರರಲ್ಲಿ ಸುಗಂಧಾಗೆ ಏಳು ವರ್ಷ. ಆ ವರ್ಷದ ಕೊನೆಗೆ ಅವರ ಓಣಿಯ ಮನೆಮನೆಯಲ್ಲೂ ಬಾಬಾಸಾಹೇಬರ ಪಟ ಬಂತು. ಲಾಲಪ್ಪ ಮಗಳ ಕೈ ಹಿಡಿದುಕೊಂಡು ಹೋಗಿ ಶಾಲೆಗೆ ಹೆಸರು ಹಚ್ಚಿ ಬಂದರು. ಅದೇ ಆಗ ಕನ್ನಡ ನಾಡಿಗೆ ಸೇರಿದ್ದ ತಾಲ್ಲೂಕು, ಮೇಷ್ಟರಿಗೆ ಉರ್ದು ಬರುತ್ತಿತ್ತು, ಪಾಠದ ಪುಸ್ತಕ ಕನ್ನಡದ್ದು, ಮನೆಗೆ ಬರುವ ನೆಂಟರ ಮಾತು ಮರಾಠಿ. ಮೂರೂ ಭಾಷೆ ಹುಡುಗಿಯ ನಾಲಗೆಗೆ ಕೂತವು. ಮುಂದೆ ಎಪ್ಪತ್ತೊಂದರಲ್ಲಿ ಕೆಲಸದ ಸಂದರ್ಶನಕ್ಕೆ ಹೋದಾಗ ಇದೇ ಅವರ ಕೈ ಹಿಡಿಯಿತು. ಸೊಲ್ಲಾಪುರದ ಆಪರೇಟರನ ಜೊತೆ ಮರಾಠಿ, ಹೈದರಾಬಾದಿನವನ ಜೊತೆ ಉರ್ದು ಮಾತಾಡುವ ಮನುಷ್ಯ ಹುಮನಾಬಾದಿಗೆ ಬೇಕಾಗಿತ್ತು.

ಊರಲ್ಲಿ ಬಾಡಿಗೆ ಕೋಣೆ ಸಿಗುವುದು ಕಷ್ಟವಾಯಿತು. ಮೂರು ಮನೆಯವರು ಹೆಸರು ಕೇಳಿ, ಊರು ಕೇಳಿ, ಆಮೇಲೆ ಓಣಿ ಯಾವುದು ಎಂದು ಕೇಳಿ, ಕೋಣೆ ಖಾಲಿ ಇಲ್ಲ ಎಂದರು. ಕೊನೆಗೆ ಎಕ್ಸ್‌ಚೇಂಜಿನ ಹಿರಿಯ ಆಪರೇಟರ್ ನಬೀಸಾಬ್ ತಮ್ಮ ಗಲ್ಲಿಯಲ್ಲೇ ಒಂದು ಕೋಣೆ ಕೊಡಿಸಿದರು. ತಾಯಿ ದ್ರೌಪತಿ ಬಂದು ಜೊತೆಗಿದ್ದರು.

ಕೆಲಸ ಕಲಿಸಿದವರೂ ನಬೀಸಾಬರೇ. ಆಗ ಊರಿಂದ ಊರಿಗೆ ಫೋನು ಮಾಡುವುದೆಂದರೆ ಮೊದಲು ಎಕ್ಸ್‌ಚೇಂಜಿಗೆ ಹೇಳಿ ಬರೆಸಬೇಕು. ಆಪರೇಟರ್ ಚೀಟಿ ಬರೆದಿಟ್ಟುಕೊಂಡು, ತಂತಿಯ ದಾರಿ ಖಾಲಿಯಾದಾಗ ಆಚೆ ಊರಿನವರನ್ನು ಹಿಡಿದು, ಬರೆಸಿದವರಿಗೆ ತಿರುಗಿ ಫೋನು ಮಾಡಿ, ಇಬ್ಬರನ್ನೂ ಕೂಡಿಸಬೇಕು. ಕೆಲವರು ಇಂಥ ಹೊತ್ತಿಗೇ ಬೇಕೆಂದು ಗಂಟೆ ನಿಗದಿ ಮಾಡಿ ಬರೆಸುತ್ತಿದ್ದರು. ಸೊಲ್ಲಾಪುರದ ಕಡೆ ಇದ್ದದ್ದು ಒಂದೇ ತಂತಿ. ಗಂಜಿನ, ಅಂದರೆ ಕಾಳಿನ ಪೇಟೆಯ, ಅಡತಿ ಅಂಗಡಿಗಳವರೆಲ್ಲ ಅದೇ ತಂತಿಯ ಮೇಲೆ ತೊಗರಿಯ, ಹೆಸರಿನ ಧಾರಣೆ ಕೇಳಬೇಕು.

ನಬೀಸಾಬ್ ಚೀಟಿಗಳನ್ನೆಲ್ಲ ಒಂದು ಕಲ್ಲಿನ ಕೆಳಗೆ ಇಡುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಕಲ್ಲು ಎತ್ತಿ ಎಲ್ಲವನ್ನೂ ತಿರುವಿ ಯಾರ ಹೊತ್ತು ಬಂತೆಂದು ನೋಡುವುದು ಅವರ ಪದ್ಧತಿ. ನಲವತ್ತು ಚೀಟಿ ಇದ್ದ ದಿನ ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಸುಗಂಧಾ ಎರಡು ತಿಂಗಳು ಹೀಗೇ ಮಾಡಿ ಸುಸ್ತಾದರು. ಆಮೇಲೆ ಬಡಗಿಯಿಂದ ಒಂದು ಮೊಳದ ಹಲಗೆಗೆ ಉದ್ದಕ್ಕೆ ಸೀಳು ಹಾಕಿಸಿಕೊಂಡು ಬಂದು, ಚೀಟಿಗಳನ್ನು ಹೊತ್ತಿನ ಸಾಲಿಗೆ ಅದರಲ್ಲಿ ನಿಲ್ಲಿಸಿದರು. ಹೊಸದು ಬಂದರೆ ಅದರ ಗಂಟೆ ಎಲ್ಲಿ ಬೀಳುತ್ತದೋ ಅಲ್ಲಿ ತೂರಿಸುವುದು. ಯಾರಾದರೂ ಬೇಡವೆಂದರೆ ಕಿತ್ತು ಬಿಸಾಡುವುದು. ಎಲ್ಲಕ್ಕಿಂತ ಎಡಗಡೆ ಇರುವ ಚೀಟಿಯೇ ಯಾವಾಗಲೂ ಮುಂದಿನ ಕೆಲಸ. ಮನೆಯಿಂದ ತಂದ ಅಲಾರಂ ಗಡಿಯಾರವನ್ನು ಆ ಒಂದು ಚೀಟಿಯ ಹೊತ್ತಿಗೆ ಮಾತ್ರ ತಿರುಗಿಸಿಡುತ್ತಿದ್ದರು.

“ಇಷ್ಟು ಚೀಟಿಗೆ ಒಂದೇ ಅಲಾರಮಾ, ಬೇಟಿ?” ಎಂದು ನಬೀಸಾಬ್ ಕೇಳಿದರು.

“ಎಡಗಡೀದು ಒಂದು ನೋಡಿದ್ರ ಸಾಕಲ್ರಿ ಚಾಚಾ. ಅದರ ಹೊತ್ತು ಆಗಿಲ್ಲಂದ್ರ ಹಿಂದಿನ ಯಾವುದರದೂ ಆಗಿಲ್ಲ.”

ನಬೀಸಾಬ್ ಸ್ವಲ್ಪ ಹೊತ್ತು ಹಲಗೆ ನೋಡಿದರು. ಮರುದಿನ ಅವರ ಕಲ್ಲು ಕಿಟಕಿಯಾಚೆ ಬಿದ್ದಿತ್ತು.

ಇನ್ನೊಂದು ಕೆಲಸವಿತ್ತು. ಮಳೆಗಾಲದಲ್ಲಿ ಎರಡೆರಡು ತಾಸಿಗೊಮ್ಮೆ ಮಳೆಯ ಅಳತೆಯನ್ನು ಗುಲಬರ್ಗಾದ ಒಂದು ಕಚೇರಿಗೆ ಮುಟ್ಟಿಸಬೇಕು. ನಬೀಸಾಬ್ ಒಂದು ಕರೆ ಮುಗಿದ ಗಳಿಗೆಯಿಂದ ಎರಡು ತಾಸು ಲೆಕ್ಕ ಹಿಡಿಯುತ್ತಿದ್ದರು. ದಾರಿ ಸಿಗದೆ ಎಂಟರದು ಎಂಟೂಹತ್ತಕ್ಕೆ ಆದರೆ ಮುಂದಿನದು ಹತ್ತೂಹತ್ತಕ್ಕೆ, ಅದೂ ತಡವಾದರೆ ಅದರ ಮುಂದಿನದು ಹನ್ನೆರಡೂವರೆಗೆ. ಹೀಗೆ ಜರಗುತ್ತ ಜರಗುತ್ತ ಸಂಜೆ ಆರರ ಕರೆ ಹೋಗುವಷ್ಟರಲ್ಲಿ ಅಲ್ಲಿಯ ಗುಮಾಸ್ತ ಮನೆಗೆ ಹೋಗಿರುತ್ತಿದ್ದ. ಸುಗಂಧಾ ಮಾತ್ರ ಕರೆ ಎಷ್ಟೇ ತಡವಾಗಲಿ, ಮುಂದಿನ ಚೀಟಿಯ ಮೇಲೆ ಹತ್ತು ಎಂದೇ, ಹನ್ನೆರಡು ಎಂದೇ ಬರೆಯುತ್ತಿದ್ದರು. ಒಂದು ತಡವಾದ್ದಕ್ಕೆ ಮುಂದಿನದು ತಡವಾಗಬೇಕಾಗಿಲ್ಲ ಎನ್ನುತ್ತಿದ್ದರು.

ಆದರೂ ಅವರ ಕೈಯಲ್ಲಿ ಇಲ್ಲದ್ದು ಒಂದಿತ್ತು. ತಂತಿ ಒಂದೇ. ಅದರ ಮೇಲೆ ಒಬ್ಬ ಮಾತು ಎಳೆದರೆ ಹಲಗೆಯ ಮೇಲಿನ ಅಷ್ಟೂ ಚೀಟಿ ನಿಂತಲ್ಲೇ ನಿಂತಿರಬೇಕು. ಅಲಾರಂ ಹೊಡೆದರೂ ಏನೂ ಮಾಡುವ ಹಾಗಿಲ್ಲ. ಕಾಯ್ದೆ ಪ್ರಕಾರ ಬೇರೆಯವರು ಕಾಯುತ್ತಿದ್ದರೆ ಒಬ್ಬರಿಗೆ ಒಂಬತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಆದರೆ ಗಂಜಿನ ಸಾಹುಕಾರರ ಮಾತು ಕಡಿದವರು ಆ ಎಕ್ಸ್‌ಚೇಂಜಿನಲ್ಲಿ ಯಾರೂ ಇರಲಿಲ್ಲ. ಸುಗಂಧಾ ಕೂಡ ಕಾಯುತ್ತಿದ್ದರು. ಇಡೀ ದಿನ ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು, ಬೈಗುಳವನ್ನೂ ಅದರಲ್ಲೇ ಕೇಳಿ, ಸಂಜೆ ಆರಕ್ಕೆ ಎದ್ದಾಗ ಅವರ ಕಿವಿಯ ಮೇಲೆ ಕೆಂಪು ಬರೆ ಬಿದ್ದಿರುತ್ತಿತ್ತು. ಮನೆಗೆ ಹೋದ ಮೇಲೆ ತಾಯಿ ಮಾತಾಡಿಸಿದರೂ ಒಂದು ತಾಸು ಉತ್ತರ ಕೊಡುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಆಗಸ್ಟಿನಲ್ಲಿ ಎಡೆಬಿಡದೆ ಮಳೆ ಹಿಡಿಯಿತು. ಹೆಸರುಕಾಳು ಗಂಜಿಗೆ ಬರುವ ಕಾಲ. ಸೊಲ್ಲಾಪುರದ ದಾರಿಯಲ್ಲಿ ಹಳ್ಳ ಉಕ್ಕಿ ಬಸ್ಸುಗಳು ನಿಂತವು, ಲಾರಿಗಳು ನಿಂತವು. ಆ ಸೋಮವಾರ ಹತ್ತಿರದ ಹಳ್ಳಿ ನಿರ್ಣಾದಿಂದ ಮಾಣಿಕಮ್ಮ ಎಂಬ ಹೆಂಗಸು ತೊಯ್ದ ಸೆರಗಿನಲ್ಲಿ ಕಿಟಕಿಗೆ ಬಂದಳು. ವಯಸ್ಸು ಮೂವತ್ತರ ಒಳಗೆ. ಅವಳ ಗಂಡ ಬಕ್ಕಪ್ಪ ಸೊಲ್ಲಾಪುರದ ಒಂದು ಗಿರಣಿಯಲ್ಲಿ ಕೂಲಿ, ಬಿತ್ತನೆಗೆ ಊರಿನ ಹೊಲಕ್ಕೆ ಬಂದು ಹೋಗುವವನು. ಹತ್ತಿಯ ಅಂಡಿಗೆ ಉರುಳಿ ಕಾಲಿನ ಮೇಲೆ ಬಿದ್ದು ಆಸ್ಪತ್ರೆಯಲ್ಲಿದ್ದಾನೆಂದು ತಾರು ಬಂದಿತ್ತು. ಹೋಗೋಣವೆಂದರೆ ದಾರಿ ಇಲ್ಲ. ತಾರಿನ ಜೊತೆಗೆ ಆ ವಾರ್ಡಿನ ಫೋನ್ ನಂಬರು ಇತ್ತು. ರೋಗಿಗಳ ಮನೆಯವರಿಗಾಗಿ ಅಲ್ಲಿ ಫೋನು ಎತ್ತುವುದು ಸಂಜೆ ನಾಲ್ಕರಿಂದ ನಾಲ್ಕೂಕಾಲಿನವರೆಗೆ ಮಾತ್ರ.

ಸುಗಂಧಾ ನಾಲ್ಕು ಗಂಟೆಗೆಂದು ಚೀಟಿ ಬರೆದರು. ಆ ದಿನ ದಾರಿ ಸಿಕ್ಕಿತು. ಆಚೆ ಎತ್ತಿದವನು ವಾರ್ಡಿನ ಕೆಲಸಗಾರ, ತುಳಜಾರಾಮ ಎಂದು ಹೆಸರು. ಅವನು ಹೇಳಿದ್ದು ಇಷ್ಟು: ಕಾಲಿಗೆ ಕೀವು ಏರುತ್ತಿದೆ, ಪಾದ ತೆಗೆಯಬೇಕೆಂದು ಡಾಕ್ಟರು ಹೇಳುತ್ತಾರೆ, ಬಕ್ಕಪ್ಪ ಒಪ್ಪುತ್ತಿಲ್ಲ, ಹೆಂಡತಿಯನ್ನು ಕೇಳದೆ ಹೆಬ್ಬೆಟ್ಟು ಒತ್ತುವುದಿಲ್ಲ ಅಂತಾನೆ. ನಾಳೆ ನಾಲ್ಕಕ್ಕೆ ಅವನನ್ನು ಗಾಲಿಕುರ್ಚಿಯಲ್ಲಿ ಫೋನಿನ ಹತ್ತಿರ ತಂದಿರುತ್ತೇನೆ, ಆಗ ಮಾತಾಡಲಿ.

ಮಾಣಿಕಮ್ಮ ಗೂಡಿನಿಂದ ಹೊರಗೆ ಬಂದು, “ನಾಳಿಗೂ ನಾಲ್ಕಕ್ಕ ಬರಕೋರಿ ಅಕ್ಕಾ,” ಎಂದಳು. ಸುಗಂಧಾ ಬರೆದುಕೊಂಡರು.

ಮಂಗಳವಾರ ಮೂರೂ ನಲವತ್ತಕ್ಕೆ ಬಸವಣಪ್ಪನವರ ಸೊಲ್ಲಾಪುರದ ಕರೆ ಇತ್ತು. ಗಂಜಿನಲ್ಲಿ ದೊಡ್ಡ ಅಡತಿ ಅಂಗಡಿ ಅವರದು, ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವ ಮನುಷ್ಯ. ಮೂರು ದಿನದಿಂದ ಅವರ ಲಾರಿಗಳು ದಾರಿಯಲ್ಲೇ ಸಿಕ್ಕಿಕೊಂಡಿದ್ದವು, ಒಳಗೆ ಕಾಳು ನೆನೆಯುತ್ತಿತ್ತು. ಒಂಬತ್ತು ನಿಮಿಷವಾಯಿತು. ಸುಗಂಧಾ ಮಾತಿನ ನಡುವೆ ಹೋಗಿ, “ಸಾವ್ಕಾರ್ರೆ, ಹೊತ್ತು ಮುಗೀತ್ರಿ,” ಎಂದರು.

“ಇನ್ನೊಂದು ಮೂರು ನಿಮಿಷ ಹಾಕ್ರಿ ಬಾಯಿ.”

ಮೂರು ನಿಮಿಷ ಕಳೆಯಿತು. ಇನ್ನೂ ಮೂರು. ಅಲಾರಂ ಹೊಡೆಯಿತು. ಸುಗಂಧಾ ಮತ್ತೆ ಹೇಳಿದರು, “ನಾಲ್ಕು ಆಯ್ತ್ರಿ. ದವಾಖಾನಿ ಕಾಲ್ ಅದ.”

“ನನ್ನ ಮಾಲು ಕೊಳ್ಯಾಕತ್ತದ ಇಲ್ಲಿ. ಜರಾ ತಡೀರಿ.”

ಸುಗಂಧಾ ತಡೆದರು. ನಾನು ನನ್ನ ಕಡೆಯಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಅವರ ಒಂದು ಕೈ ಎರಡು ಕಡೆಯನ್ನೂ ಕೂಡಿಸಿದ್ದ ಬೋರ್ಡಿನ ಹುರಿಯ ಮೇಲೆ ಇತ್ತು. ಅದನ್ನು ಕಿತ್ತರೆ ಮಾತು ನಿಲ್ಲುತ್ತದೆ. ಕೈ ಅಲ್ಲೇ ಇತ್ತು, ಕೀಳಲಿಲ್ಲ. ಬಸವಣಪ್ಪನವರು ಇಟ್ಟಾಗ ನಾಲ್ಕೂ ಇಪ್ಪತ್ತು. ಸುಗಂಧಾ ಸೊಲ್ಲಾಪುರ ಹಿಡಿದು ವಾರ್ಡಿಗೆ ಗಂಟೆ ಹೊಡೆಸಿದರು. ಬಹಳ ಹೊತ್ತು ಹೊಡೆಯಿತು, ಯಾರೂ ಎತ್ತಲಿಲ್ಲ.

ಮಾಣಿಕಮ್ಮ ಬೆಂಚಿನಿಂದ ಎದ್ದು ಕಿಟಕಿಗೆ ಬಂದಳು. ಸುಗಂಧಾ ತಲೆ ಎತ್ತದೆ, “ಇವತ್ತು ದಾರಿ ಸಿಗಲಿಲ್ಲವ್ವ. ನಾಳೆ ಬಾ,” ಎಂದರು. ಅವಳು ಏನೂ ಕೇಳದೆ ಕೊನೆಯ ಬಸ್ಸಿಗೆ ಹೋದಳು.

ಆ ಸಂಜೆ ನಬೀಸಾಬ್, “ಮಾಡೂದೇನದ ಬೇಟಿ, ಒಂದೇ ಲೈನು,” ಎಂದು ಸಮಾಧಾನ ಹೇಳಿದರು. ಸುಗಂಧಾ ಹೆಡ್‌ಫೋನ್ ತೆಗೆದಿಟ್ಟು, “ಲೈನಿಂದ ತಪ್ಪಲ್ರಿ ಚಾಚಾ,” ಎಂದಷ್ಟೇ ಹೇಳಿ ಛತ್ರಿ ತೆಗೆದುಕೊಂಡರು.

ಬುಧವಾರವೂ ಮಳೆ. ಬಸವಣಪ್ಪನವರ ಕರೆ ಮತ್ತೆ ಮೂರೂ ನಲವತ್ತಕ್ಕೆ ನಿಗದಿಯಾಗಿತ್ತು. ಸುಗಂಧಾ ಬೆಳಿಗ್ಗೆಯೇ ಅವರ ಅಂಗಡಿಗೆ ಫೋನು ಮಾಡಿ, ಮೂರಕ್ಕೆ ತೆಗೆದುಕೊಳ್ಳಿ ಎಂದು ಕೇಳಿಕೊಂಡರು. ಮುನೀಮ, ಸಾಹುಕಾರರು ಊಟ ಮಾಡಿ ಮಲಗಿ ಏಳುವುದೇ ಮೂರೂವರೆಗೆ ಎಂದ. ಮೂರೂ ನಲವತ್ತಕ್ಕೆ ಕೂಡಿಸಿದರು. ಮೂರೂ ನಲವತ್ತೊಂಬತ್ತಕ್ಕೆ ಒಮ್ಮೆ ಹೇಳಿದರು, ಐವತ್ತೈದಕ್ಕೆ ಇನ್ನೊಮ್ಮೆ. ಅಲಾರಂ ಹೊಡೆಯಿತು.

“ಸಾವ್ಕಾರ್ರೆ, ನಾ ಕಡೀತೀನಿ ಈಗ.”

“ಏನಂದ್ರಿ?”

“ಕಡೀತೀನಿ ಅಂದೆನ್ರಿ. ನಾಲ್ಕೂಕಾಲಿಗೆ ತಿರುಗಿ ಹಚ್ಚಿ ಕೊಡ್ತೀನಿ.”

ಹುರಿ ಕಿತ್ತರು. ನಬೀಸಾಬ್ ಪಕ್ಕದ ಕುರ್ಚಿಯಲ್ಲಿ ಒಂದು ಕರೆ ಕೂಡಿಸುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು. ಸುಗಂಧಾ ಸೊಲ್ಲಾಪುರದವನಿಗೆ ಮರಾಠಿಯಲ್ಲಿ ನಂಬರು ಹೇಳಿದರು. ನಾಲ್ಕೂ ನಾಲ್ಕಕ್ಕೆ ತುಳಜಾರಾಮ ಎತ್ತಿದ. ನಿನ್ನೆ ಕಾದು ಕಾದು ಅವನನ್ನು ಒಳಗೆ ಒಯ್ದೆ ಎಂದ. ಆಮೇಲೆ ಬಕ್ಕಪ್ಪನ ಕೈಗೆ ಫೋನು ಕೊಟ್ಟ.

ತಂತಿ ಸರಿಯಿದೆಯೇ ಎಂದು ಕೇಳಿಸಿಕೊಳ್ಳುವುದು ಆಪರೇಟರನ ಕೆಲಸ. ಹಾಗಾಗಿ ಸುಗಂಧಾ ಕೇಳಿದರು. ಗೂಡಿನ ಬಾಗಿಲು ಸರಿಯಾಗಿ ಹಾಕುತ್ತಿರಲಿಲ್ಲ, ಮಾಣಿಕಮ್ಮನ ದನಿ ನನಗೂ ಕೇಳಿತು.

“ಕಾಲು ತಗೀತಾರಂತ,” ಎಂದ ಬಕ್ಕಪ್ಪ.

“ತಗೀಲಿ.”

“ಪಾದ ಅಲ್ಲ ಈಗ. ಮೊಣಕಾಲಿನ ಮ್ಯಾಲಿಂದ ಅಂತಾರ. ಹೊಲ ಹ್ಯಾಂಗ ಮಾಡ್ಲಿ?”

“ಹೊಲ ನಾ ಮಾಡ್ತೀನಿ.”

ಮಾಣಿಕಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಕೇಳಾಕತ್ತೀಯಾ?” ಎಂದಳು ಅವಳು. “ಹೆಬ್ಬೆಟ್ಟು ಹಚ್ಚು. ಹಳ್ಳ ಇಳೀತಂದ್ರ ನಾ ಬರ್ತೀನಿ. ನೀ ಮನೀಗೆ ಬಾ, ಸಾಕು.”

“ಹೂಂ,” ಎಂದ ಅವನು.

ಅಷ್ಟಕ್ಕೆ ನಾಲ್ಕೂ ಹತ್ತು. ಸುಗಂಧಾ ನಾಲ್ಕೂಕಾಲಿಗೆ ಮತ್ತೆ ಸೊಲ್ಲಾಪುರ ಹಚ್ಚಿಕೊಡಲು ಬಸವಣಪ್ಪನವರಿಗೆ ಫೋನು ಮಾಡಿದರು. ಅವರು ಎತ್ತಲಿಲ್ಲ. ಅವರು ಅಷ್ಟು ಹೊತ್ತಿಗೆ ಮಳೆಯಲ್ಲೇ ಎಕ್ಸ್‌ಚೇಂಜಿಗೆ ಹೊರಟಿದ್ದರು.

ಬಂದವರು ಕೂಗಾಡಲಿಲ್ಲ. ಧೋತರದ ಅಂಚು ಹಿಂಡಿಕೊಂಡು ಬಾಗಿಲಲ್ಲಿ ನಿಂತು, “ನಡು ಮಾತಿನಾಗ ಕಡದ್ರಿ. ಸವದಾ ಮುರೀತು. ನಾ ಕಾಗದ ಬರೀತೀನಿ, ನಬೀಸಾಬ್. ಈ ಬಾಯಿಗೆ ಹೇಳ್ರಿ,” ಎಂದರು. ಸುಗಂಧಾ ಅಲ್ಲೇ ಎದುರಿಗೇ ಕೂತಿದ್ದರು. ಆದರೆ ಅವರು ನಬೀಸಾಬರಿಗೇ ಹೇಳಿ ಹೋದರು.

ಕಾಗದ ಹೋಯಿತು. ಒಂದು ತಿಂಗಳ ಮೇಲೆ ಗುಲಬರ್ಗಾದಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಕಿಟಕಿಯ ಈಚೆಗಿದ್ದವನೆಂದು ನನ್ನನ್ನೂ ಕರೆಸಿದರು. ನಬೀಸಾಬ್ ಹಿಂದಿನ ದಿನವೇ ಸುಗಂಧಾಗೆ, ಕಾಯ್ದೆ ನಿನ್ನ ಕಡೆ ಇದೆ, ಒಂಬತ್ತು ನಿಮಿಷ ದಾಟಿತ್ತು, ಎರಡು ಸಲ ಹೇಳಿದ್ದೀ, ಅಂಜಬೇಡ ಎಂದು ಧೈರ್ಯ ತುಂಬಿದ್ದರು.

ಸಾಹೇಬರು ಆ ವಾರದ ಚೀಟಿಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿಕೊಂಡರು. ಸುಗಂಧಾ ಪ್ರತಿ ಚೀಟಿಯ ಮೇಲೂ ಶುರುವಾದ ಹೊತ್ತು, ಮುಗಿದ ಹೊತ್ತು, ತಡವಾಗಿದ್ದರೆ ಕಾರಣ, ಎಲ್ಲ ಬರೆದಿದ್ದರು. ಬುಧವಾರದ ಚೀಟಿ ನೋಡಿ ಸಾಹೇಬರು, “ಇದು ಸರಿಯಾಗಿದೆ. ಕಡಿದದ್ದು ತಪ್ಪಲ್ಲ,” ಎಂದರು. ಆಮೇಲೆ ಮಂಗಳವಾರದ್ದನ್ನು ಎತ್ತಿಕೊಂಡರು.

“ಇಲ್ಲಿ ಅದೇ ಪಾರ್ಟಿಗೆ ನಲವತ್ತು ನಿಮಿಷ ಕೊಟ್ಟಿದ್ದೀರಿ. ಆಸ್ಪತ್ರೆಯ ಕಾಲ್ ಕಾಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಮಂಗಳವಾರ ಯಾಕೆ ಕಡಿಯಲಿಲ್ಲ?”

ನಬೀಸಾಬ್ ಏನೋ ಹೇಳಲು ಹೋದರು. ಸಾಹೇಬರು ಕೈ ಎತ್ತಿ ತಡೆದರು.

ಸುಗಂಧಾ ಚೀಟಿಯನ್ನೇ ನೋಡುತ್ತ, “ಅಂಜಿದ್ದೆ ಸರ್,” ಎಂದರು.

“ಯಾರಿಗೆ?”

ಕೋಣೆಯಲ್ಲಿದ್ದ ನಮ್ಮ ಮೂವರಿಗೂ ಉತ್ತರ ಗೊತ್ತಿತ್ತು. ಸಾಹೇಬರಿಗೂ ಗೊತ್ತಿರಬೇಕು. ಅವರು ಅದನ್ನು ಕಾಗದದ ಮೇಲೆ ಬರೆದುಕೊಳ್ಳಲಿಲ್ಲ.

ಮಾತು ಕಡಿದ ಬುಧವಾರಕ್ಕೆ ಶಿಕ್ಷೆ ಬರಲಿಲ್ಲ. ಕಡಿಯದ ಮಂಗಳವಾರಕ್ಕೆ ಬಂತು. ಲಿಖಿತ ಎಚ್ಚರಿಕೆ, ಬಸವಕಲ್ಯಾಣಕ್ಕೆ ವರ್ಗ. ಬಸವಣಪ್ಪನವರಿಗೆ ಇದರಲ್ಲಿ ಗೆದ್ದ ಹಾಗೂ ಆಗಲಿಲ್ಲ, ಸೋತ ಹಾಗೂ ಆಗಲಿಲ್ಲ. ಅವರು ಮುಂದೆ ಕರೆ ಬರೆಸುವುದನ್ನು ಮುನೀಮನಿಗೆ ಬಿಟ್ಟರು.

ಎಂಬತ್ತರ ಜನವರಿಯಲ್ಲಿ ಸುಗಂಧಾ ತಾಯಿಯನ್ನು ಕರೆದುಕೊಂಡು ಹೋದರು. ನಾರಾಯಣಪುರ ಹತ್ತಿರವಾಯಿತು, ಲಾಲಪ್ಪನವರಿಗೆ ಮಗಳು ದಿನಾ ಮನೆಗೆ ಬರುವಂತಾಯಿತು. ಕೇಳಿದರೆ ಶಿಕ್ಷೆ ಅನ್ನುವ ಹಾಗಿರಲಿಲ್ಲ. ಆದರೆ ಅಂಚೆ ಕೆಲಸದ ಮೇಲೆ ಅಲ್ಲಿಗೆ ಹೋದಾಗಲೆಲ್ಲ ನಾನು ಅವರನ್ನು ನೋಡುತ್ತಿದ್ದೆ. ಮೂವತ್ತೊಂದು ವರ್ಷದ ಹೆಂಗಸು ಐವತ್ತರವರ ಹಾಗೆ ಕೂರುತ್ತಿದ್ದರು. ಬೋರ್ಡು ಚಿಕ್ಕದು, ಚೀಟಿಗಳೂ ಕಡಿಮೆ. ದಣಿವು ಮಾತ್ರ ಕಡಿಮೆಯಾಗಿರಲಿಲ್ಲ.

ಒಂದು ಸಲ ಚಹಾ ಕುಡಿಯುತ್ತ ಅವರೇ ಹೇಳಿದರು. ಆ ಬುಧವಾರ ಬಕ್ಕಪ್ಪ ಅಂದ ಮಾತು ಅವರ ಕಿವಿಯಿಂದ ಹೋಗುತ್ತಿರಲಿಲ್ಲ. ಪಾದ ಅಲ್ಲ ಈಗ, ಮೊಣಕಾಲಿನ ಮೇಲಿಂದ.

“ಸೋಮವಾರ ಪಾದ ಇತ್ತು. ಬುಧವಾರ ಮೊಣಕಾಲು ಆಯ್ತು,” ಎಂದರು. “ನಡುವ ಮಂಗಳವಾರ ಇತ್ತು.”

“ಒಂದು ದಿನದಾಗ ಏನ್ ವ್ಯತ್ಯಾಸ ಆಗ್ತಿತ್ತೋ ಡಾಕ್ಟರಿಗೂ ಗೊತ್ತಿಲ್ರಿ,” ಎಂದೆ ನಾನು.

“ಹೌದ್ರಿ. ನಂಗೂ ಗೊತ್ತಿಲ್ಲ,” ಎಂದರು. ಗೊತ್ತಿಲ್ಲದ್ದೇ ಅವರಿಗೆ ಭಾರವಾಗಿತ್ತು ಎಂದು ನನಗೆ ಅನಿಸಿತು.

ಎಂಬತ್ತೊಂದರ ಚಳಿಗಾಲದಲ್ಲಿ ಒಂದು ರವಿವಾರ ಅವರು ಬಸ್ಸು ಹತ್ತಿ ಹುಮನಾಬಾದಿಗೆ ಬಂದು, ಅಲ್ಲಿಂದ ನಿರ್ಣಾಕ್ಕೆ ಹೋದರು. ಬಕ್ಕಪ್ಪನ ಮನೆ ಕೇಳಿದಾಗ ಜನ ಮೊದಲು ಊರಿನ ಹಿಟ್ಟಿನ ಗಿರಣಿ ತೋರಿಸಿದರು. ಅವನು ಎತ್ತರದ ಸ್ಟೂಲಿನ ಮೇಲೆ ಕೂತು ಕಾಳು ಸುರಿಯುತ್ತಿದ್ದ. ಮೈಯೆಲ್ಲ ಹಿಟ್ಟು. ಪಕ್ಕದಲ್ಲಿ ಊರುಗೋಲು. ಸುಗಂಧಾ ಅವನನ್ನು ಮಾತಾಡಿಸಲಿಲ್ಲ. ಗಿರಣಿಯ ಸದ್ದಿನಲ್ಲಿ ಮಾತು ಕೇಳುವ ಹಾಗೂ ಇರಲಿಲ್ಲ. ನೇರ ಮನೆಗೆ ಹೋದರು.

ಮಾಣಿಕಮ್ಮ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಮೊದಲು ಗುರುತು ಸಿಗಲಿಲ್ಲ. ಕಿಟಕಿಯ ಹಿಂದೆ ಕೂತವರ ಮುಖವನ್ನು ಅವಳು ಪೂರ್ತಿ ನೋಡಿಯೇ ಇರಲಿಲ್ಲ. ದನಿ ಕೇಳಿದ ಮೇಲೆ ಗುರುತು ಹಿಡಿದಳು.

“ಒಳಗ ಬರ್ರಿ ಅಕ್ಕಾ.”

“ಇಲ್ಲೇ ಕೂಡ್ತೀನಿ ತಂಗಿ,” ಎಂದು ಸುಗಂಧಾ ರೂಢಿಯಂತೆ ಹೊರಗಿನ ಕಟ್ಟೆಯ ಮೇಲೆ ಕೂತರು. ಮಾಣಿಕಮ್ಮ ಒಂದು ಗಳಿಗೆ ಬಾಗಿಲಲ್ಲಿ ನಿಂತಳು. ಆಮೇಲೆ ತಾನೂ ಬಂದು ಅವರ ಪಕ್ಕ ಕಟ್ಟೆಯ ಮೇಲೆ ಕೂತಳು.

ಸುಗಂಧಾ ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡು ಬಂದಿದ್ದರು. ಈಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಆ ಮಂಗಳವಾರ ದಾರಿ ಸಿಗಲಿಲ್ಲ ಅಂತ ನಿಂಗ ಹೇಳಿದ್ದೆ,” ಎಂದರು. “ಅದು ಖರೆ ಅಲ್ಲ. ದಾರಿ ಇತ್ತು. ಸಾವ್ಕಾರ್ರು ಮಾತಾಡಾಕತ್ತಿದ್ರು. ನಾ ಕಡೀಬೇಕಿತ್ತು, ಕಡೀಲಿಲ್ಲ. ಅಂಜಿದೆ.”

ಮಾಣಿಕಮ್ಮ ಸೆರಗಿನಿಂದ ಕಾಲು ಒರೆಸಿಕೊಂಡಳು.

“ಗೊತ್ತಿತ್ರಿ.”

“ಯಾರು ಹೇಳಿದ್ರು?”

“ಯಾರು ಹೇಳಬೇಕ್ರಿ? ನಾ ಅಲ್ಲೇ ಬೆಂಚಿನ ಮ್ಯಾಲ ಕುಂತಿದ್ದೆ. ನೀವು ಹೊತ್ತು ಮುಗೀತ್ರಿ ಅನ್ನೂದು ನಂಗ ಕೇಳಾಕತ್ತಿತ್ತು. ಸಾವ್ಕಾರ್ರೆ ಅಂತ ಎರಡು ಸಲ ಹೇಳಿದ್ರಿ.” ಸೆರಗು ಹೆಗಲಿಗೆ ಎಳೆದುಕೊಂಡು, “ನಾ ಎದ್ದು ಬಂದು, ನನ್ನ ಕಾಲ್ ಹಚ್ಚಿ ಕೊಡ್ರಿ ಅಂತ ಕೇಳಬಹುದಿತ್ತು. ಕೇಳ್ಲಿಲ್ಲ. ಅವರ ಅಂಗಡಿಗೇ ನಮ್ಮ ಹೆಸರು, ಉದ್ದು ಎಲ್ಲಾ ಹೋಗೂದು. ನಾನೂ ಅಂಜಿದ್ದೆ,” ಎಂದಳು.

“ಬಕ್ಕಪ್ಪಗ ಹೇಳಿದಿಯಾ?”

“ಹೇಳಿಲ್ಲ. ಹೇಳಿ ಏನ್ ಮಾಡ್ಲಿ?”

ಅವಳು ಒಳಗೆ ಹೋಗಿ ಚಹಾ ತಂದಳು. ಇಬ್ಬರೂ ಕುಡಿದರು. ಈ ವರ್ಷ ಕಡಲೆ ಚೆನ್ನಾಗಿದೆ, ಗಳೆ ಹೊಡೆದು ಹೊಲ ಉಳಲು ಭಾವನ ಮಗ ಬರುತ್ತಾನೆ, ಬಿತ್ತುವುದು ತಾನೇ, ಎಂದೆಲ್ಲ ಹೇಳಿದಳು. ಕಡಿದ ಕಾಲಿನ ತುದಿ ಚಳಿಗೆ ನೋಯುತ್ತದೆಂದು ಗಂಡ ಕೆಲವು ದಿನ ಮಾತಾಡುವುದಿಲ್ಲ ಎಂದೂ ಹೇಳಿದಳು. ಸುಗಂಧಾ ಕೇಳುತ್ತ ಕೂತರು. ಯಾರೂ ಕ್ಷಮಿಸು ಅನ್ನಲಿಲ್ಲ, ಯಾರೂ ಕ್ಷಮಿಸಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಅವರು ಎದ್ದಾಗ ಮಾಣಿಕಮ್ಮ ಹಸಿ ಕಡಲೆಯ ಒಂದು ಕಟ್ಟು ಕೊಟ್ಟಳು.

ಬಸವಕಲ್ಯಾಣದಲ್ಲಿ ಸುಗಂಧಾಬಾಯಿ ಇನ್ನೂ ಏಳೆಂಟು ವರ್ಷ ಬೋರ್ಡಿನ ಮುಂದೆ ಕೂತರು. ಒಂಬತ್ತು ನಿಮಿಷ ದಾಟಿದ ಕರೆಯನ್ನು, ಬೇರೆಯವರು ಕಾಯುತ್ತಿದ್ದರೆ, ಯಾರದೇ ಆಗಿರಲಿ, ಒಮ್ಮೆ ಹೇಳಿ ಕಡಿಯುತ್ತಿದ್ದರು. ಅದಕ್ಕೆ ಅವರ ಮೇಲೆ ಇನ್ನೂ ನಾಲ್ಕು ದೂರು ಹೋದವು ಎಂದು ಕೇಳಿದ್ದೇನೆ. ಲಾಲಪ್ಪನವರು ಎಂಬತ್ತಾರರಲ್ಲಿ ತೀರಿಕೊಂಡರು, ಮಗಳು ಎದುರಿಗಿದ್ದಾಗಲೇ. ಆಮೇಲೆ ತಾನಾಗಿಯೇ ಕೂಡಿಸುವ ಯಂತ್ರ ಬಂತು. ಸುಗಂಧಾಬಾಯಿಯನ್ನು ಬಿಲ್ಲಿನ ಕೋಣೆಗೆ ಹಾಕಿದರು. ಅಲ್ಲಿ ಸದ್ದಿಲ್ಲ, ಮೊದಲ ಒಂದು ವಾರ ಕೂತಲ್ಲೇ ನಿದ್ದೆ ಬರುತ್ತಿತ್ತು ಎಂದು ಅವರು ನನಗೆ ಹೇಳಿದರು.